ಸಹೋದರರ ನಡುವಿನ ಮಾತು



ಭರತ-ಬಾಹುಬಲಿಯರ ಕಥೆಯನ್ನು ಅರಿಯದವರು ಈ ಸಭೆಯಲ್ಲಿಲ್ಲ. ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಅದನ್ನು ಕನ್ನಡಿಗರಿಗೆ ನೀಡಿದನು. ಷಟ್ಖಂಡಗಳನ್ನು ಗೆದ್ದ ಭರತನು ತಮ್ಮನ ಬಳಿಗೆ ತಾನೇ ಹೋಗಲಿಲ್ಲ, ದೂತನನ್ನು ಕಳುಹಿಸಿದನು. ದೂತನು ಒಯ್ದುದು ಆಜ್ಞೆಯನ್ನು, ಅಣ್ಣನ ಅಂತಃಕರಣವನ್ನಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೇ ಅದರ ಫಲ. ತಪಸ್ಸಿಗೆ ನಿಂತ ಬಾಹುಬಲಿಯ ಮನದ ಶಲ್ಯವು ಕರಗಿ ಕೇವಲಜ್ಞಾನವು ಉದಯಿಸಿದುದು ಭರತನೇ ಬಂದು ಪೂಜಿಸಿದಾಗ.

ನನ್ನ ಮನೆಯಲ್ಲಿಯೂ ದೂತರಿದ್ದರು. ಆಸ್ತಿ ಪಾಲಾದ ಮೇಲೆ ಎರಡು ವರ್ಷ ನಾನೂ ನನ್ನ ತಮ್ಮನೂ ಗುಮಾಸ್ತರ ಮೂಲಕವೇ ಮಾತನಾಡಿದೆವು. ದಶಲಕ್ಷಣ ಪರ್ವದ ಕೊನೆಯಲ್ಲಿ ಊರವರೆಲ್ಲರ ಕ್ಷಮೆ ಬೇಡುತ್ತಿದ್ದ ನಾನು ಅವನ ಬಾಗಿಲನ್ನು ಮಾತ್ರ ದಾಟಿ ಹೋಗುತ್ತಿದ್ದೆನು. ಒಂದು ಮಧ್ಯಾಹ್ನ ಲೆಕ್ಕದ ಪುಸ್ತಕವಿಲ್ಲದೆ ಅವನಲ್ಲಿಗೆ ಹೋಗಿ, “ನಿನಗೆ ನೋವಾದುದು ಎಲ್ಲಿ?” ಎಂದು ಕೇಳಿದೆನು.

“ಅಣ್ಣ, ಪಾಲಿನಲ್ಲಿ ಕೊರತೆಯಿಲ್ಲ. ಅಂಗಡಿಯನ್ನು ಭಾಗ ಮಾಡುವ ಮುನ್ನ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ” ಎಂದನು.

ನಾನು ಸಮರ್ಥನೆಗೆ ಹೋಗಲಿಲ್ಲ. ಅವನು ಹೇಳಿ ಮುಗಿಸುವವರೆಗೆ ಕೇಳಿದೆನು. ಅಂದು ಸೂರ್ಯಾಸ್ತಕ್ಕೆ ಮುನ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕುಳಿತೆವು.

ಬಂಧುಗಳೇ, ಸಹೋದರರ ನಡುವೆ ದೂತರು ಬೇಡ. ಲಾಭ-ನಷ್ಟದ ಮಾತು ಅಂಗಡಿಗಿರಲಿ. ವಾರಕ್ಕೊಮ್ಮೆಯಾದರೂ ಸುಖದುಃಖದ ಮಾತು ಮನೆಯಲ್ಲಿ ನಡೆಯಲಿ. ಹೇಳುವುದಕ್ಕಿಂತ ಕೇಳುವುದು ಹೆಚ್ಚಿರಲಿ. ಇಂದು ಬಸದಿಯಿಂದ ಮರಳುವಾಗ ನಿಮ್ಮ ಸಹೋದರನ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿರೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.

ಜಯ ಜಿನೇಂದ್ರ.