ಶಿಶುವಿಹಾರವನ್ನು ಆರಿಸುವ ಮುನ್ನ

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವಷ್ಟರಲ್ಲಿ ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಒಂದು ಚಿಂತೆ ಮೊಳೆಯುತ್ತದೆ. ಮೂರು ತುಂಬಿದ, ಇಲ್ಲವೆ ತುಂಬುತ್ತಿರುವ ಮಗುವೊಂದು ಮನೆಯಲ್ಲಿದೆ. ಅದನ್ನು ಎಲ್ಲಿಗೆ ಸೇರಿಸಬೇಕು? ಅಜ್ಜಿಯದೊಂದು ಮಾತು, ಪಕ್ಕದ ಮನೆಯವರದೊಂದು ಮಾತು, ಕಚೇರಿಯ ಗೆಳೆಯರದು ಮತ್ತೊಂದು. ಗಂಡು ಹೆಣ್ಣು ನೋಡುವಾಗಲೂ ಹಿಂದಿನವರು ಇಷ್ಟು ವಿಚಾರಿಸುತ್ತಿದ್ದರೋ ಇಲ್ಲವೋ! ವಿಚಾರಿಸುವುದು ಒಳ್ಳೆಯದೇ. ಆದರೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ತಿಳಿಯದೆ ಹೋದರೆ ಕಟ್ಟಡವನ್ನು ಆರಿಸಿ ಬರುತ್ತೇವೆಯೇ ಹೊರತು ಶಾಲೆಯನ್ನಲ್ಲ. ಈ ವಿಷಯವಾಗಿ ನಿಮ್ಮೊಡನೆ ಇಂದು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ಮೇಷ್ಟರಿಗೆ ಎಳೆಯ ಮಕ್ಕಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಮೂರನೆಯ ವಯಸ್ಸಿನಲ್ಲಿ ಬಿತ್ತಿದ್ದು ಹತ್ತು ವರ್ಷಗಳಾದ ಮೇಲೆ ನನ್ನ ತರಗತಿಗೆ ಬಂದು ಕುಳಿತುಕೊಳ್ಳುತ್ತದೆ. ಅಚ್ಚಿನಂತೆ ಬರೆಯುವ ಮಕ್ಕಳು ಬರುತ್ತಾರೆ. ಹಲಗೆಯ ಮೇಲಿದ್ದುದನ್ನು ಒಂದು ಕೊಂಬು ಒಂದು ದೀರ್ಘ ತಪ್ಪದಂತೆ ಇಳಿಸಿಕೊಳ್ಳುತ್ತಾರೆ. ಆದರೆ ಪದ್ಯವೊಂದನ್ನು ಓದಿ ಮುಗಿಸಿ, ‘ನಿನಗೇನಯ್ಯಾ ಅನ್ನಿಸಿತು?’ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಬುದ್ಧಿಯಿಲ್ಲದೆ ಅಲ್ಲ, ತಪ್ಪಾದೀತೆಂಬ ಅಂಜಿಕೆಯಿಂದ. ಆ ಅಂಜಿಕೆಯ ಬೇರನ್ನು ಹುಡುಕಿಕೊಂಡು ಹಿಂದೆ ಹಿಂದೆ ಹೋದರೆ, ಅನೇಕ ವೇಳೆ ಅದು ಶಾಲೆಯ ಮೊದಲ ಬಾಗಿಲಿಗೇ ಮುಟ್ಟುತ್ತದೆ.

ಮೊದಲು ಹೆಸರಿನ ವಿಚಾರ. ‘ಕಿಂಡರ್‌ಗಾರ್ಟನ್’ ಎಂಬುದು ಜರ್ಮನ್ ಮಾತು. ಮಕ್ಕಳ ತೋಟವೆಂದು ಅದರ ಅರ್ಥ. ಫ್ರೀಡ್ರಿಕ್ ಫ್ರೋಬೆಲ್ ಎಂಬ ಉಪಾಧ್ಯಾಯರು ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ತಾವು ನಡೆಸುತ್ತಿದ್ದ ಶಿಶುಶಾಲೆಗೆ 1840ರಲ್ಲಿ ಈ ಹೆಸರನ್ನಿಟ್ಟರು. ಉಣ್ಣೆಯ ಚೆಂಡು, ಮರದ ಗುಂಡು, ಘನ, ಉರುಳೆ ಇವೇ ಅಲ್ಲಿಯ ಪಠ್ಯಪುಸ್ತಕಗಳು. ಮಕ್ಕಳು ಆಡಬೇಕು, ಹಾಡಬೇಕು, ಮಣ್ಣಿನಲ್ಲಿ ಕೈಯಾಡಿಸಿ ಗಿಡ ಬೆಳೆಸಬೇಕು ಎಂಬುದು ಅವರ ಸಿದ್ಧಾಂತ. ಇದರಲ್ಲಿ ಏನು ಅಪಾಯ ಕಂಡಿತೋ, ಪ್ರಷ್ಯದ ಸರ್ಕಾರ 1851ರಲ್ಲಿ ಈ ಶಾಲೆಗಳನ್ನು ನಿಷೇಧಿಸಿತು. ನಿಷೇಧ ತೆರವಾದುದು 1860ರಲ್ಲಿ. ಫ್ರೋಬೆಲರು 1852ರಲ್ಲಿಯೇ ತೀರಿಕೊಂಡಿದ್ದರು.

ನಮ್ಮವರು ಇದಕ್ಕೆ ಇಟ್ಟ ಹೆಸರು ಇನ್ನೂ ಸೊಗಸಾದುದು: ಶಿಶುವಿಹಾರ. ವಿಹಾರವೆಂದರೆ ಮನಸ್ಸಿಗೆ ಹಿತವಾಗುವಂತೆ ಅಡ್ಡಾಡುವುದು. ಬೆಂಚಿನ ಮೇಲೆ ಕೈಕಟ್ಟಿ ಕೂರುವುದು ಎಂಬ ಅರ್ಥವನ್ನು ಯಾವ ನಿಘಂಟುಕಾರನೂ ಕೊಟ್ಟಿಲ್ಲ.

ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿಯವರು ರೋಮ್ ನಗರದ ಸ್ಯಾನ್ ಲೊರೆಂಜೋ ಎಂಬ ಬಡವರ ಬಡಾವಣೆಯಲ್ಲಿ 1907ರ ಜನವರಿ 6ರಂದು ತಮ್ಮ ‘ಮಕ್ಕಳ ಮನೆ’ಯನ್ನು ತೆರೆದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದ ಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದು ನಮ್ಮ ಅನೇಕ ಉಪಾಧ್ಯಾಯರಿಗೆ ತರಬೇತಿ ನೀಡಿದರು. ಅವರು ಬರುವ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕರು ಬಾಲಮಂದಿರವನ್ನು ಸ್ಥಾಪಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳ ಹಳ್ಳಿಗಾಡಿನಲ್ಲಿ ಮಕ್ಕಳಿದ್ದ ಅಂಗಳಕ್ಕೇ ಶಾಲೆಯನ್ನು ಒಯ್ದರು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಇವರೆಲ್ಲರ ದಾರಿ ಬೇರೆ ಬೇರೆ. ಆದರೆ ಒಂದು ಮಾತಿನಲ್ಲಿ ಎಲ್ಲರೂ ಒಂದೇ: ಮಗುವಿನ ಕೈಯಿಗೆ ಕೆಲಸವಿರಬೇಕು, ಮನಸ್ಸಿಗೆ ಭಯವಿರಬಾರದು.

ಈ ಅಳತೆಗೋಲನ್ನು ಹಿಡಿದು ಇಂದಿನ ಪಟ್ಟಣದ ಬೀದಿಗೆ ಬರೋಣ. ಕಳೆದ ವರ್ಷ ನಮ್ಮ ನೆರೆಮನೆಯ ಒಂದು ಸಂಸಾರ ಶಾಲೆಗಳನ್ನು ನೋಡಲು ಹೊರಟಿತು. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ನಾಲ್ಕೂವರೆ ವರ್ಷದ ಮಗಳು. ಆಗತಾನೆ ಮೂರು ತುಂಬಿದ ಮಗ. ಮೇಷ್ಟರಲ್ಲವೆ ಎಂದು ನನ್ನನ್ನೂ ಜೊತೆಗೆ ಕರೆದರು.

ಮೊದಲನೆಯದು ಗಾಜಿನ ಮುಖದ ದೊಡ್ಡ ಕಟ್ಟಡ. ತಂಪು ಕೋಣೆಯಲ್ಲಿ ಕೂರಿಸಿ ಬಣ್ಣದ ಪುಸ್ತಿಕೆ ಕೊಟ್ಟರು. ಇಬ್ಬರನ್ನೂ ಸೇರಿಸಿದರೆ ಶುಲ್ಕದಲ್ಲಿ ರಿಯಾಯಿತಿ ಎಂದರು. ಅಷ್ಟಾದರೂ ಒಟ್ಟು ಮೊತ್ತ ತಂದೆಯ ಎರಡು ತಿಂಗಳ ಸಂಬಳವನ್ನು ಮೀರುತ್ತಿತ್ತು. ಈಜುಕೊಳವನ್ನು ತೋರಿಸಿದರು, ಪರದೆಯ ಮೇಲೆ ಚಲಿಸುವ ಪಾಠಗಳನ್ನು ತೋರಿಸಿದರು. ಮಕ್ಕಳನ್ನು ಮಾತ್ರ ತೋರಿಸಲಿಲ್ಲ. ತರಗತಿ ನಡೆಯುವಾಗ ಹೊರಗಿನವರಿಗೆ ಪ್ರವೇಶವಿಲ್ಲವಂತೆ.

ಎರಡನೆಯದರ ಹಲಗೆಯ ಮೇಲೆ ಮಾಂಟೆಸರಿಯವರ ಹೆಸರಿತ್ತು. ಒಳಗೆ ಅವರ ಉಪಕರಣಗಳೂ ಇದ್ದವು, ಬೀಗ ಹಾಕಿದ ಗಾಜಿನ ಬೀರುವಿನಲ್ಲಿ! ನಲವತ್ತು ಮಕ್ಕಳು ಸಾಲಾಗಿ ಕುಳಿತು ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದೇ ಅಕ್ಷರವನ್ನು ಪುಟದುದ್ದಕ್ಕೂ ಬರೆಯುತ್ತಿದ್ದವು. ಅಷ್ಟರಲ್ಲಿ ಪುಟ್ಟ ಹುಡುಗಿಯೊಂದು ಎದ್ದು ನಿಂತಿತು. ಲಂಗದ ಅಂಚನ್ನು ಹಿಂಡುತ್ತ ಕಾಲನ್ನು ಒತ್ತಿಕೊಂಡು ನಿಂತ ಆ ಕೂಸಿಗೆ ಏನು ಬೇಕೆಂಬುದು ಬಾಗಿಲಲ್ಲಿದ್ದ ನಮಗೇ ತಿಳಿಯಿತು. ‘ಮಿಸ್, ಒಂದಕ್ಕೆ…’ ಎಂದಿತು. ‘ಇಂಗ್ಲಿಷಿನಲ್ಲಿ ಕೇಳು’ ಎಂದರು ಆಕೆ. ಮಗುವಿಗೆ ಮಾತು ನೆನಪಾಗಲಿಲ್ಲ. ಅದು ಕುಳಿತುಕೊಂಡಿತು. ಮುಂದೆ ಏನಾಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಜೊತೆಯಲ್ಲಿದ್ದ ತಾಯಿ ತನ್ನ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಮಾತಿಲ್ಲದೆ ಗೇಟಿನ ಹೊರಗೆ ಬಂದುಬಿಟ್ಟರು.

ಆ ಮಗು ಅಂದು ಕಲಿತ ಪಾಠವೇನು? ನನ್ನ ಮಾತು ಇಲ್ಲಿ ಸಲ್ಲದು, ಬಾಯಿ ತೆರೆಯುವುದಕ್ಕಿಂತ ಮುಚ್ಚಿಕೊಂಡಿರುವುದು ಲೇಸು ಎಂಬುದು. ಇದನ್ನು ಮರೆಸಲು ಹತ್ತು ವರ್ಷಗಳ ತರುವಾಯ ನಮ್ಮಂಥವರು ಹೆಣಗಬೇಕಾಗುತ್ತದೆ.

ಇಂಗ್ಲಿಷ್ ಬೇಡವೆನ್ನುವವನು ನಾನಲ್ಲ. ಆದರೆ ಮೂರು ವರ್ಷದ ಮಗು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ ಎಂಬುದನ್ನು ತಿಳಿಯಬೇಕು. ‘ಅಪ್ಪ ಬಂದ, ಅಮ್ಮ ಬಂದಳು, ನಾಯಿ ಬಂತು’ ಎನ್ನುತ್ತದೆ ಅದು. ಈ ಲಿಂಗವಿವೇಕವನ್ನು ಅದಕ್ಕೆ ಯಾವ ಕೇಶಿರಾಜನೂ ಕಲಿಸಲಿಲ್ಲ. ವಿಭಕ್ತಿ, ವಚನ, ಕಾಲ ಎಲ್ಲವನ್ನೂ ತೊಡೆಯ ಮೇಲೆ ಕುಳಿತು ತಾನೇ ಸಂಪಾದಿಸಿಕೊಂಡ ಶ್ರೀಮಂತ ಅದು. ಮನೆಮಾತು ತುಳುವಾಗಲಿ, ಕೊಂಕಣಿಯಾಗಲಿ, ಉರ್ದುವಾಗಲಿ, ಈ ಮಾತು ಅಷ್ಟೇ ನಿಜ. ಆ ಸಂಪತ್ತಿನ ಮೇಲೆ ಇನ್ನೊಂದು ಭಾಷೆಯನ್ನು ಕೂಡಿಸಬಹುದು. ಅದನ್ನು ಬಾಗಿಲಲ್ಲೇ ಕಸಿದುಕೊಂಡು ಕೂಡಿಸಲಾಗದು. ಸಾಧ್ಯವಿದ್ದೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಕಲಿಕೆಯ ಮಾಧ್ಯಮವಾಗಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ.

ಇನ್ನು ಬರವಣಿಗೆ. ‘ನಮ್ಮ ಮಗು ಇನ್ನೂ ಅ ಆ ಇ ಈ ಬರೆಯುವುದಿಲ್ಲ’ ಎಂದು ತಳಮಳಗೊಳ್ಳುವ ತಂದೆತಾಯಿಗಳನ್ನು ದಿನವೂ ಕಾಣುತ್ತೇನೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೆದುವಾದ ಎಳೆಮೂಳೆಗಳು. ಬಳಿಕ ವರ್ಷ ವರ್ಷಕ್ಕೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರು ವರ್ಷದ ಮಗುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಗಳು ಇನ್ನೂ ಎಳೆಯವೇ. ಆ ಕೈಗೆ ಪೆನ್ಸಿಲು ಹಿಡಿಸಿ ಪುಟಗಟ್ಟಲೆ ತಿದ್ದಿಸುವುದು ಅಡಕೆಯ ಎಳೆಸಸಿಯನ್ನು ಬಾಳೆಯ ನೆರಳಿಲ್ಲದೆ ಬಿಸಿಲಿಗೆ ನಿಲ್ಲಿಸಿದಂತೆ. ಹಿಟ್ಟು ನಾದಲಿ, ಅವರೆ ಬಿಡಿಸಲಿ, ಮಣಿ ಪೋಣಿಸಲಿ, ನೀರನ್ನು ಲೋಟದಿಂದ ಲೋಟಕ್ಕೆ ಸುರಿಯಲಿ. ಇವೆಲ್ಲವೂ ಬರವಣಿಗೆಯ ಪೂರ್ವಪಾಠಗಳೇ. ನಮ್ಮ ಕೂಲಿಮಠದ ಐಗಳು ಮಕ್ಕಳಿಂದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮಾಂಟೆಸರಿಯವರೂ ಮರಳುಕಾಗದದ ಅಕ್ಷರಗಳ ಮೇಲೆ ಮಗುವಿನ ಬೆರಳಾಡಿಸಿದ ಮೇಲೆಯೇ ಬರವಣಿಗೆಗೆ ಕೈಹಾಕಿದರು. ದೂರದೂರದ ಇಬ್ಬರು ಗುರುಗಳಿಗೆ ಹೊಳೆದದ್ದು ಒಂದೇ. ಇಷ್ಟಕ್ಕೂ ಒಂದನೆಯ ತರಗತಿಗೆ ಆರು ವರ್ಷವೆಂದು ಅದೇ 2020ರ ನೀತಿ ಸೂಚಿಸುವಾಗ, ಮೂರನೆಯ ವಯಸ್ಸಿಗೆ ಸೇರಿದ ಮಗುವಿಗೆ ಪೂರಾ ಮೂರು ವರ್ಷಗಳ ಬಿಡುವಿದೆ. ಅವಸರ ಯಾರಿಗೆ?

ಮೂರನೆಯ ಶಾಲೆ ಒಂದು ಹಳೆಯ ಹೆಂಚಿನ ಮನೆಯಲ್ಲಿತ್ತು. ನಾವು ಹೋದಾಗ ಗದ್ದಲವೋ ಗದ್ದಲ. ಒಂದು ಮೂಲೆಯಲ್ಲಿ ಮರಳು, ಇನ್ನೊಂದರಲ್ಲಿ ಮರದ ತುಂಡುಗಳು; ಮಧ್ಯೆ ನಾಲ್ಕಾರು ಮಕ್ಕಳು ಕಾಗದದ ಮೀಸೆ ಅಂಟಿಸಿಕೊಂಡು ಸಂತೆ ನಡೆಸುತ್ತಿದ್ದವು. ಬಾಗಿಲಲ್ಲಿ ಒಬ್ಬ ಹೊಸ ಹುಡುಗ ಅಳುತ್ತಿದ್ದ. ‘ಗಂಡುಮಕ್ಕಳು ಅಳುತ್ತಾರೆಯೇ’ ಎಂದು ಯಾರೂ ಗದರಲಿಲ್ಲ. ಒಬ್ಬಾಕೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಸುಮ್ಮನೆ ಬಟಾಣಿ ಸುಲಿಯತೊಡಗಿದರು. ಸ್ವಲ್ಪ ಹೊತ್ತಿಗೆ ಅವನೂ ಒಂದು ಕಾಯಿಯನ್ನು ಕೈಗೆತ್ತಿಕೊಂಡ. ಶಾಲೆಯ ಒಡತಿ ನಮಗೆ ಪುಸ್ತಿಕೆ ಕೊಡಲಿಲ್ಲ; ಪ್ರಶ್ನೆ ಕೇಳಿದರು. ಮಗು ಮಧ್ಯಾಹ್ನ ನಿದ್ದೆ ಮಾಡುತ್ತದೆಯೆ, ಯಾವುದಕ್ಕೆ ಹೆದರುತ್ತದೆ, ಮನೆಯಲ್ಲಿ ಏನೆಂದು ಕರೆಯುತ್ತೀರಿ? ಕೊರತೆ ಅಲ್ಲಿಯೂ ಇತ್ತು. ಗೇಟು ನೇರವಾಗಿ ರಸ್ತೆಗೆ ತೆರೆಯುತ್ತಿತ್ತು, ಅದರ ಚಿಲಕ ಮಕ್ಕಳ ಕೈಗೆ ಎಟಕುವಂತಿತ್ತು. ಅದನ್ನು ಮೇಲಕ್ಕೆ ಹಾಕಿಸಬೇಕೆಂದು ಆ ತಂದೆ ಹೇಳಿದರು; ವಾರದೊಳಗೆ ಹಾಕಿಸಿದರು.

ಮಗಳು ಆ ಶಾಲೆಗೆ ಸೇರಿದಳು. ಮಗನ ಸಂಗತಿ ಬೇರೆ. ಅವನಿಗೆ ಅಜ್ಜಿಯನ್ನು ಬಿಟ್ಟಿರಲು ಇನ್ನೂ ಬರದು, ಮಧ್ಯಾಹ್ನದ ನಿದ್ದೆ ಬಿಡದು. ಅಕ್ಕನ ಚೀಲದ ಜೊತೆಗೇ ತಮ್ಮನ ಚೀಲವನ್ನೂ ಹೊಲಿಸಬೇಕೆಂಬ ಕಟ್ಟಳೆ ಎಲ್ಲಿದೆ? ಒಂದು ವರ್ಷ ಅಜ್ಜಿಯ ಬಳಿಯೇ ಇರಲಿ, ಬೆಳಗ್ಗೆ ಎರಡು ಗಂಟೆ ಬೀದಿಯ ಕೊನೆಯ ಅಂಗನವಾಡಿಗೆ ಹೋಗಿ ಬರಲಿ ಎಂದು ನಿಶ್ಚಯವಾಯಿತು.

ಅಂಗನವಾಡಿಯೆಂದರೆ ಪಟ್ಟಣದ ಕೆಲವರು ಮುಖ ತಿರುಗಿಸುತ್ತಾರೆ. ಅದು ಗತಿಯಿಲ್ಲದವರಿಗೆಂದು ತಿಳಿದಿದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆ ಯೋಜನೆ ಮೊದಲಾಯಿತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ, ಆರೋಗ್ಯದ ತಪಾಸಣೆ, ಆಟಪಾಠ ಎಲ್ಲವೂ ಅಲ್ಲಿ ಸೇರಿವೆ. ಎಲ್ಲ ಅಂಗನವಾಡಿಗಳೂ ಒಂದೇ ಬಗೆಯಾಗಿಲ್ಲ, ನಿಜ. ಖಾಸಗಿ ಶಾಲೆಗಳೂ ಒಂದೇ ಬಗೆಯಾಗಿಲ್ಲ. ಹೋಗಿ ನೋಡದೆ ತಳ್ಳಿಹಾಕಬಾರದಷ್ಟೆ.

ಹಾಗಾದರೆ ನೀವು ಏನು ಮಾಡಬೇಕು? ಹೇಳದೆ ಒಂದು ಬೆಳಗ್ಗೆ ಹೋಗಿ. ಒಂದು ಗಂಟೆ ಮಕ್ಕಳನ್ನು ನೋಡಲು ಅನುಮತಿ ಕೇಳಿ. ಕೊಡದಿದ್ದರೆ ಅದೇ ಒಂದು ಉತ್ತರ. ಕೊಟ್ಟರೆ ಗೋಡೆಯ ಚಿತ್ರಗಳನ್ನು ನೋಡಬೇಡಿ, ಮುಖಗಳನ್ನು ನೋಡಿ. ಆಟದ ಸಾಮಾನು ಮಕ್ಕಳ ಕೈಗೆ ಎಟಕುತ್ತದೆಯೆ? ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರಾದರೂ ಹಿರಿಯರಿರಬೇಕೆಂದು 2013ರ ರಾಷ್ಟ್ರೀಯ ನೀತಿ ಹೇಳಿದೆ, ಎಣಿಸಿ ನೋಡಿ. ಶೌಚಾಲಯದೊಳಕ್ಕೆ ನೀವೇ ಹೋಗಿ ಬನ್ನಿ. ಕುಡಿಯುವ ನೀರನ್ನು ಕುಡಿದು ನೋಡಿ. ಕರೆತರುವ ಆಟೋರಿಕ್ಷಾದಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆಂದು ಗೇಟಿನಲ್ಲಿ ನಿಂತು ಎಣಿಸಿ. ಎಲ್ಲಕ್ಕಿಂತ ಮಿಗಿಲಾಗಿ, ಅಳುವ ಮಗುವನ್ನೂ ತಪ್ಪಿದ ಮಗುವನ್ನೂ ಅಲ್ಲಿಯವರು ಏನು ಮಾಡುತ್ತಾರೆಂಬುದನ್ನು ಕಣ್ಣಾರೆ ಕಾಣಿರಿ. ನಾಳೆ ಆ ಜಾಗದಲ್ಲಿ ನಿಲ್ಲುವುದು ನಿಮ್ಮ ಮಗುವೇ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ಎತ್ತಿ, ಎಳವೆಯಲ್ಲಿಯೇ ಬಗ್ಗಿಸಬೇಕೆನ್ನುವವರುಂಟು. ಗಾದೆ ದೊಡ್ಡದು. ಆದರೆ ತೋಟಗಾರನನ್ನು ಕೇಳಿ ನೋಡಿ: ಗಿಡವಾಗಿರುವಾಗ ಬಗ್ಗಿಸುವ ದಿನಗಳಿಗಿಂತ ನೀರು ಹೊಯ್ಯುವ ದಿನಗಳೇ ಹೆಚ್ಚು ಎಂದು ಆತ ಹೇಳುತ್ತಾನೆ.

ಕೊನೆಯದಾಗಿ ಒಂದು ಬಿನ್ನಹ. ಸೇರಿಸಿದ ಮೇಲೆ ಮಗು ಮನೆಗೆ ಬಂದಾಗ ‘ಇವತ್ತು ಏನು ಬರೆದೆ?’ ಎಂದು ಚೀಲಕ್ಕೆ ಕೈಹಾಕಬೇಡಿ. ‘ಯಾರ ಜೊತೆ ಆಡಿದೆ? ಏನು ಮಾತಾಡಿದೆ?’ ಎಂದು ಕೇಳಿ. ಅದು ಹೇಳುವುದನ್ನು ಪೂರಾ ಕೇಳಿಸಿಕೊಳ್ಳಿ. ಮನೆಯಲ್ಲಿ ಬಾಯಿತುಂಬ ಮಾತಾಡುವ ಮಗು ಶಾಲೆಯ ವಿಷಯ ಬಂದಾಗ ಮಾತ್ರ ಮೌನವಾದರೆ, ಮರುದಿನ ಮತ್ತೊಮ್ಮೆ ಹೋಗಿ ಆ ಬಾಗಿಲಲ್ಲಿ ನಿಂತು ನೋಡಿ ಬನ್ನಿ.