ಕಬ್ಬಿಣದ ಕಟ್ಟಡದ ಕಥೆ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇತಿಹಾಸವೆಂದೊಡನೆ ನಮ್ಮ ಮನಸ್ಸು ಕೋಟೆಕೊತ್ತಲಗಳ ಕಡೆಗೆ, ದೇಗುಲಗಳ ಕಡೆಗೆ ಹರಿಯುವುದು ಸಹಜ. ಆದರೆ ಸಾಮಾನ್ಯ ಜನರು ಬಾಡಿಗೆ ತೆತ್ತು ಬಾಳಿದ ಕಟ್ಟಡಕ್ಕೂ ಇತಿಹಾಸವುಂಟು. ನಮ್ಮ ರಾಜ್ಯದ ರಾಜಧಾನಿಯಾದ ಮುಂಬಯಿಯಲ್ಲಿ, ಕಾಳಾ ಘೋಡಾ ಭಾಗದ ಎಸ್‌ಪ್ಲನೇಡ್ ಮ್ಯಾನ್ಷನ್ ಅಂಥದೊಂದು ಕಟ್ಟಡ. ಅದರ ಕಥೆಯನ್ನು ಇಂದು ತಮ್ಮ ಮುಂದೆ ಇಡಬಯಸುತ್ತೇನೆ.

ಅದರ ಮೊದಲ ಹೆಸರು ವಾಟ್ಸನ್ ಹೋಟೆಲು. ಜಾನ್ ವಾಟ್ಸನ್ ಎಂಬ ಆಂಗ್ಲ ವ್ಯಾಪಾರಿ ಅದನ್ನು ಕಟ್ಟಿಸಿದನು. ರೋಲಂಡ್ ಮೇಸನ್ ಆರ್ಡಿಷ್ ಎಂಬ ಎಂಜಿನಿಯರು ಅದರ ನಕ್ಷೆ ರಚಿಸಿದನು. ಕಬ್ಬಿಣದ ಭಾಗಗಳು ಇಂಗ್ಲೆಂಡಿನಲ್ಲಿ ಸಿದ್ಧವಾಗಿ, ಹಡಗಿನಲ್ಲಿ ಬಂದು, 1867ರಿಂದ 1869ರ ಅವಧಿಯಲ್ಲಿ ಇಲ್ಲಿ ಜೋಡಿಸಲ್ಪಟ್ಟವು. ಮಕ್ಕಳೆ, ನಮ್ಮ ಹಳೆಯ ಮನೆಗಳಲ್ಲಿ ಗೋಡೆಯೇ ಮಾಳಿಗೆಯ ಭಾರವನ್ನು ಹೊರುತ್ತದೆ. ಅಲ್ಲಿ ಹಾಗಲ್ಲ, ಕಬ್ಬಿಣದ ಕಂಬ ತೊಲೆಗಳ ಹಂದರವೇ ಭಾರವನ್ನು ಹೊತ್ತಿತು, ಗೋಡೆ ಬರಿಯ ಮರೆಯಾಯಿತು. ಇಂದಿನ ಗಗನಚುಂಬಿ ಸೌಧಗಳು ನಿಂತಿರುವುದೂ ಇದೇ ತತ್ತ್ವದ ಮೇಲೆ.

1896ರ ಜುಲೈ 7ರಂದು ಲುಮಿಯೇರ್ ಸಹೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದದ್ದು ಈ ಹೋಟೆಲಿನಲ್ಲಿಯೇ. ಪ್ಯಾರಿಸ್ಸಿನ ಪ್ರಥಮ ಪ್ರದರ್ಶನವಾಗಿ ಆಗ ಆರು ತಿಂಗಳು ಕಳೆದಿತ್ತಷ್ಟೆ. ಅಮೆರಿಕದ ಸಾಹಿತಿ ಮಾರ್ಕ್ ಟ್ವೇನ್ ತಂಗಿದ್ದುದೂ ಅದೇ ವರ್ಷ.

1903ರಲ್ಲಿ ತಾಜ್ ಮಹಲ್ ಹೋಟೆಲು ತೆರೆಯಿತು. ವಾಟ್ಸನ್ ಹೋಟೆಲಿನ ವೈಭವ ಕ್ರಮೇಣ ಕುಂದಿತು. ಮುಂದೆ ಅದರ ವಿಶಾಲ ಕೊಠಡಿಗಳು ಹಲಗೆಯ ಅಡ್ಡಗೋಡೆಗಳಿಂದ ಸಣ್ಣ ಸಣ್ಣ ಬಿಡಾರಗಳಾದವು, ವಕೀಲರ ಕಚೇರಿಗಳಾದವು. 1947ರ ಬಾಡಿಗೆ ನಿಯಂತ್ರಣ ಕಾನೂನು ಮುಂಬಯಿಯ ಬಾಡಿಗೆದಾರರಿಗೆ ದೊಡ್ಡ ಆಸರೆಯಾಯಿತು ನಿಜ. ಆದರೆ ಬಾಡಿಗೆ ಹಳೆಯ ಮಟ್ಟದಲ್ಲಿಯೇ ನಿಂತುದರಿಂದ ನಗರದ ಎಷ್ಟೋ ಹಳೆಯ ಕಟ್ಟಡಗಳ ದುರಸ್ತಿಗೆ ಹಣ ಸಾಲದಾಯಿತು. ಒಡೆಯನು ಬಾಡಿಗೆದಾರನತ್ತ, ಬಾಡಿಗೆದಾರನು ಒಡೆಯನತ್ತ ಬೆರಳು ತೋರಿಸುವಂತಾಯಿತು. ಮಳೆಯ ನೀರಾದರೋ ಯಾರನ್ನೂ ಕಾಯಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಿತು.

ಎಸ್‌ಪ್ಲನೇಡ್ ಮ್ಯಾನ್ಷನ್ನಿಗೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಉನ್ನತ ದರ್ಜೆ ದೊರೆತಿತ್ತು. ಆದರೂ 2005ರ ಮಳೆಗಾಲದಲ್ಲಿ ಅದರ ಮೊಗಸಾಲೆಯ ಒಂದು ಭಾಗ ಕುಸಿದು ಒಬ್ಬರ ಪ್ರಾಣ ಹೋಯಿತು. ವಿಶ್ವದಲ್ಲಿ ಅಪಾಯಕ್ಕೊಳಗಾದ ನೂರು ಸ್ಮಾರಕಗಳ 2006ರ ಪಟ್ಟಿಯಲ್ಲಿಯೂ ಅದರ ಹೆಸರು ಸೇರಿತು. 2019ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಅಲ್ಲಿದ್ದವರೆಲ್ಲ ಮನೆ, ಕಚೇರಿಗಳನ್ನು ತೆರವು ಮಾಡಬೇಕಾಯಿತು. ಕೆಡವಬೇಕೆಂದು ಕೆಲವರು, ಉಳಿಸಲು ಸಾಧ್ಯವೆಂದು ಕೆಲವರು ವಾದಿಸಿದರು.

ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ತೊಲೆ ನಿಲ್ಲದು. ವರ್ಷವರ್ಷವೂ ಬಣ್ಣ ಬಳಿಯುವ, ಸೋರುವ ಎಡೆಯನ್ನು ಮುಚ್ಚುವ ಕೈಗಳು ಬೇಕು. ಎಲ್ಲರ ಸೊತ್ತು ಯಾರ ಹೊಣೆಯೂ ಅಲ್ಲವೆಂದಾದರೆ ಕಬ್ಬಿಣವೂ ಕರಗುತ್ತದೆ.

ಪೋಷಕ ಬಂಧುಗಳೆ, ಗಡಿಯ ಈಚೆಗಿನ ಈ ಕನ್ನಡ ಶಾಲೆಯೂ ನಮಗೆ ಹಿರಿಯರಿಂದ ಬಂದ ಸೊತ್ತು. ಅದನ್ನು ಹೊಗಳುವುದು ಸುಲಭ. ಮನೆಯ ಮಗುವನ್ನು ಇಲ್ಲಿಗೆ ಕಳುಹಿಸುವುದು, ಒಡೆದ ಹೆಂಚನ್ನು ಮಳೆಗಾಲಕ್ಕೆ ಮೊದಲೇ ಹೊದಿಸುವುದು, ವಾಚನಾಲಯದ ಹರಿದ ಪುಸ್ತಕಕ್ಕೆ ರಟ್ಟು ಹಾಕುವುದು, ಇವು ಸಣ್ಣ ಕೆಲಸಗಳು. ಆದರೆ ಕಾಪಾಡುವ ಕೆಲಸಗಳು. ಇವನ್ನು ನಾವು ಮಾಡುತ್ತಿರುವವರೆಗೆ ಶಾಲೆ ನಿಲ್ಲುತ್ತದೆ.