ಡಬ್ಬಿ ಊಟ, ಹುಡುಗಿಯ ತೂಕ, ಸಂಘದ ಸಾಲ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರು ತರೀಕೆರೆಯಲ್ಲಿ ಸೇರಿದ್ದಾಗ ಮಾಡಿದ ಭಾಷಣದ ಬರಹರೂಪ)



ಬೆಳಗಿನ ತಿಂಡಿ ಮುಗಿಸಿ, ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕಿಟ್ಟು ಬಂದಿದ್ದೀರಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು, ಡಾಕ್ಟರಲ್ಲ. ಆದರೂ ಇವತ್ತು ತೂಕದ ವಿಚಾರ ಮಾತಾಡಬೇಕಾಗಿದೆ. ಅದಕ್ಕೆ ಕಾರಣ ಒಂದು ಸಾಲದ ಅರ್ಜಿ.

ಕಡೂರು ಕಡೆಯ ಒಂದು ಸಂಘದಲ್ಲಿ ಒಬ್ಬ ಸದಸ್ಯೆ 27,000 ರೂಪಾಯಿ ಸಾಲ ಕೇಳಿದರು. ಹಸು ಕೊಳ್ಳುವುದಕ್ಕಲ್ಲ, ಮಕ್ಕಳ ಫೀಸಿಗೂ ಅಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳಿಗೆ ಮೂರು ತಿಂಗಳು ‘ಡಯೆಟ್ ಊಟ’ದ ಡಬ್ಬಿ ತರಿಸುವುದಕ್ಕೆ. ದಿನಕ್ಕೆ ಎರಡು ಊಟ, 300 ರೂಪಾಯಿ. ನೋಡಲು ಬಂದಿದ್ದ ಗಂಡಿನ ಕಡೆಯವರು, ‘ಹುಡುಗಿ ಸ್ವಲ್ಪ ದಪ್ಪ ಆಯ್ತು, ಹತ್ತು ಕೆಜಿ ಇಳಿಸಲಿ, ಆಮೇಲೆ ಮಾತಾಡೋಣ. ಇಲ್ಲದಿದ್ದರೆ ಬಂಗಾರದ ವಿಷಯ ಬೇರೆ ರೀತಿ ಮಾತಾಡಬೇಕಾಗುತ್ತೆ’ ಎಂದಿದ್ದಾರೆ. ಸಂಘದಲ್ಲಿ ಅರ್ಧ ಜನ ‘ಕೊಡೋಣ, ಹೆಣ್ಣುಮಗಳ ಬಾಳಿನ ಪ್ರಶ್ನೆ’ ಎಂದರು. ಇನ್ನರ್ಧ ಜನ ‘ಊಟಕ್ಕೆ ಯಾರಾದರೂ ಸಾಲ ಮಾಡ್ತಾರಾ’ ಎಂದು ನಕ್ಕರು. ಆ ತಾಯಿಯ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಈ ಮಾತನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ನಗುವವರು ನಗಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅಂದರೆ ದಪ್ಪಗಿರುವವಳು ಚೆನ್ನಾಗಿ ಉಂಡವಳು ಎಂದು ತಿಳಿಯಬೇಡಿ. ಹೊಟ್ಟೆ ತುಂಬ ಅನ್ನ ಇದ್ದು, ಕಾಳು, ಸೊಪ್ಪು, ಮೊಟ್ಟೆ ತಟ್ಟೆಗೆ ಬಾರದೆ ಹೋದರೆ ಮೈಯಲ್ಲಿ ಕೊಬ್ಬೂ ಇರುತ್ತದೆ, ರಕ್ತವೂ ಕಡಿಮೆ ಇರುತ್ತದೆ. ಗಂಡಸರಲ್ಲೂ ತೂಕ ಹೆಚ್ಚಿರುವವರ ಪ್ರಮಾಣ ಹೆಂಗಸರಷ್ಟೇ ಇದೆ. ಆದರೆ ವರನ ಹೊಟ್ಟೆಗೆ ಯಾರೂ ಟೇಪು ಹಿಡಿಯುವುದಿಲ್ಲ.

ಈಗ ಡಬ್ಬಿಯ ವಿಷಯಕ್ಕೆ ಬರೋಣ. ನನ್ನ ಅನುಭವವನ್ನೇ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ಅವನೇ ಇಂಥ ಡಬ್ಬಿ ಗೊತ್ತು ಮಾಡಿದ. ಎರಡು ತಿಂಗಳಲ್ಲಿ ನಾಲ್ಕು ಕೆಜಿ ಇಳಿದೆ. ಕಡೂರಿಗೆ ಬಂದೆ. ಆರು ತಿಂಗಳಲ್ಲಿ ನಾಲ್ಕೂ ವಾಪಸು ಬಂತು, ಜೊತೆಗೆ ಇನ್ನೊಂದನ್ನು ಕರೆದುಕೊಂಡು ಬಂತು. ಅಡುಗೆ ಹಾಳಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಆ ಎರಡು ತಿಂಗಳಲ್ಲಿ ನಾನು ಏನನ್ನೂ ಕಲಿತಿರಲಿಲ್ಲ. ಅನ್ನ ಎಷ್ಟಿದೆ, ಪಲ್ಯ ಎಷ್ಟಿದೆ ಎಂದು ಒಂದು ದಿನವೂ ಅಳೆದು ನೋಡಿರಲಿಲ್ಲ. ಡಬ್ಬಿ ಬಂತು, ತಿಂದೆ, ತೊಳೆದಿಟ್ಟೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಆ ಡಬ್ಬಿ ನನಗೆ ಇಷ್ಟವಾದದ್ದು ತೂಕ ಇಳಿದದ್ದಕ್ಕಲ್ಲ. ಮದುವೆಯಾಗಿ ನಲವತ್ತು ವರ್ಷದ ಮೇಲೆ ಮೊದಲ ಬಾರಿ, ನಾನು ಒಲೆಯ ಮುಂದೆ ನಿಲ್ಲದೆಯೇ ನನ್ನ ಊಟ ಹೊತ್ತಿಗೆ ಸರಿಯಾಗಿ ನನ್ನ ಮುಂದೆ ಬರುತ್ತಿತ್ತು. ಮನೆಯ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಚೆಲ್ಲಬಾರದೆಂದು ಬಳಿದು ತಿನ್ನುವ ಅಭ್ಯಾಸ ಎರಡು ತಿಂಗಳು ತಪ್ಪಿತ್ತು. ನನ್ನ ತೂಕ ಇಳಿಸಿದ್ದರಲ್ಲಿ ಅದರ ಪಾಲೂ ಇರಬೇಕು. ಇಲ್ಲಿ ಕುಳಿತಿರುವ ಎಷ್ಟು ಜನ ಮಕ್ಕಳ ತಟ್ಟೆಯ ಎಂಜಲನ್ನು, ರಾತ್ರಿ ಮಿಕ್ಕ ಅನ್ನವನ್ನು ತಮ್ಮ ಹೊಟ್ಟೆಗೇ ಹಾಕಿಕೊಳ್ಳುತ್ತೀರಿ? ಕೈ ಎತ್ತುವುದು ಬೇಡ, ನನಗೆ ಗೊತ್ತು.

ಇದು ನನ್ನೊಬ್ಬಳ ಕತೆ. ಬೇರೆಯವರಿಗೆ ಏನಾಯಿತು ಎಂದು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ 442 ಮಂದಿ ಹೆಂಗಸರನ್ನು ಎರಡು ವರ್ಷ ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸಿದ್ಧ ಊಟದ ಜೊತೆಗೆ ವಾರವಾರವೂ ಎದುರು ಕುಳಿತು ಸಲಹೆ ಪಡೆದವರು ಸರಾಸರಿ 7.4 ಕೆಜಿ ಇಳಿದರು. ಫೋನಿನಲ್ಲಿ ಸಲಹೆ ಪಡೆದವರು 6.2 ಕೆಜಿ ಇಳಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರು 2 ಕೆಜಿ ಇಳಿದರು. ಹಾಗಾದರೆ ಡಬ್ಬಿ ಕೆಲಸ ಮಾಡುತ್ತದೆ ಎಂದಾಯಿತಲ್ಲ? ಹೌದು, ಮಾಡುತ್ತದೆ. ಆದರೆ ಆ ಹೆಂಗಸರಿಗೆ ಊಟವನ್ನೂ ಸಲಹೆಯನ್ನೂ ಪುಕ್ಕಟೆಯಾಗಿ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ನಮ್ಮ ತಾಯಿಗೆ ಯಾರು ಪುಕ್ಕಟೆ ಕೊಡುತ್ತಾರೆ?

ಅದಕ್ಕೂ ಹಿಂದೆ, 1996ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ತೂಕ ಹೆಚ್ಚಿದ್ದ 163 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ನಾಲ್ಕು ಗುಂಪಿಗೂ ಆರು ತಿಂಗಳು ತಿಳುವಳಿಕೆಯ ತರಗತಿ ಇತ್ತು. ಮೊದಲ ಗುಂಪಿಗೆ ಅಷ್ಟೇ. ಎರಡನೆಯ ಗುಂಪಿಗೆ, ಯಾವ ಹೊತ್ತಿಗೆ ಏನು ಎಷ್ಟು ತಿನ್ನಬೇಕು ಎಂಬ ಪಟ್ಟಿ ಮತ್ತು ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿ ಬರೆದುಕೊಟ್ಟರು. ಮೂರನೆಯ ಗುಂಪಿಗೆ ಕಡಿಮೆ ಬೆಲೆಗೆ ಆಹಾರವನ್ನೇ ಕೊಟ್ಟರು. ನಾಲ್ಕನೆಯ ಗುಂಪಿಗೆ ಆಹಾರ ಪುಕ್ಕಟೆ. ಮೊದಲ ಗುಂಪಿಗಿಂತ ಉಳಿದ ಮೂರು ಗುಂಪಿನವರು ಹೆಚ್ಚು ಇಳಿದರು. ಆದರೆ ಆ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪುಕ್ಕಟೆ ಆಹಾರ ಮಾಡಿದ ಕೆಲಸವನ್ನು ಪಟ್ಟಿ ಮತ್ತು ಚೀಟಿಗಳೇ ಮಾಡಿದ್ದವು. ಅದೇ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಹದಿನೆಂಟು ತಿಂಗಳು ಆಹಾರ ಕೊಟ್ಟು, ನಿಲ್ಲಿಸಿ, ಒಂದು ವರ್ಷದ ಮೇಲೆ ನೋಡಿದರೆ ಇಳಿದ ತೂಕದ ಬಹುಭಾಗ ಮರಳಿ ಬಂದಿತ್ತು. ಕಡೂರಿನಲ್ಲಿ ನನಗಾದದ್ದೂ ಅದೇ.

ಈಗ ಅರ್ಥಶಾಸ್ತ್ರದ ಲೆಕ್ಕ ಮಾಡೋಣ. 27,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 1,500ರಂತೆ ಹದಿನೆಂಟು ಕಂತಿನಲ್ಲಿ ಅಸಲು ತೀರಿಸಬೇಕು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೂ ಬಡ್ಡಿಯೇ 5,130 ರೂಪಾಯಿ. ಒಟ್ಟು 32,130. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಹದಿನಾರು ತಿಂಗಳು ಮುಟ್ಟದೆ ಕಟ್ಟಿದರೂ ಸಾಲದು. ಮೂರು ತಿಂಗಳಲ್ಲಿ ಆ ಹುಡುಗಿ ಆರು ಕೆಜಿ ಇಳಿದಳು ಎಂದೇ ಇಟ್ಟುಕೊಳ್ಳಿ, ಒಂದು ಕೆಜಿಗೆ 5,355 ರೂಪಾಯಿ ಬಿತ್ತು. ಅಜ್ಜಂಪುರದ ಈರುಳ್ಳಿಗಾಗಲಿ ತರೀಕೆರೆಯ ಅಡಿಕೆಗಾಗಲಿ ನಾವು ಕಂಡಿಲ್ಲದ ರೇಟು. ಅದೂ ಊಟ ಮುಗಿದು ಹದಿನೈದು ತಿಂಗಳಾದರೂ ತಾಯಿ ಕಂತು ಕಟ್ಟುತ್ತಲೇ ಇರಬೇಕು. ಅಷ್ಟರೊಳಗೆ ತೂಕ ಮರಳಿ ಬಂದಿದ್ದರೆ?

ಹಾಗಾದರೆ ಪಟ್ಟಿ ಯಾವುದು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿದೆ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಬೇಕಾದವರಿಗೆ ಅವರು ಹೇಳುವ ಅಳತೆ ಹೀಗಿದೆ: ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ, ತರಕಾರಿ, ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮಾಂಸ 85 ಗ್ರಾಂ, ಹಾಲು, ಮೊಸರು 300 ಮಿಲಿಲೀಟರು, ಕಡಲೆಕಾಯಿ, ಎಳ್ಳಿನಂಥವು 35 ಗ್ರಾಂ, ಎಣ್ಣೆ, ತುಪ್ಪ 27 ಗ್ರಾಂ. ಎಲ್ಲವೂ ಬೇಯಿಸುವುದಕ್ಕೆ ಮುಂಚಿನ ತೂಕ. ತೂಕ ಇಳಿಸಬೇಕಾದವರು ಇದರಲ್ಲಿ ಧಾನ್ಯವನ್ನೂ ಎಣ್ಣೆಯನ್ನೂ ಇನ್ನಷ್ಟು ತಗ್ಗಿಸಬೇಕು. ಕಾಳನ್ನು, ಸೊಪ್ಪನ್ನು ತಗ್ಗಿಸಬಾರದು.

ಇದನ್ನು ನಮ್ಮ ಅಡುಗೆಮನೆಗೆ ತನ್ನಿ. ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ಎಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಹೆಚ್ಚೆಂದರೆ ಮೂರೂವರೆ ಲೀಟರು. ನಿಮ್ಮ ಮನೆಯಲ್ಲಿ ಎಷ್ಟು ಪಾಕೀಟು ಖರ್ಚಾಗುತ್ತದೆ, ಈ ತಿಂಗಳು ಎಣಿಸಿ. ನಾವು ತೆಂಗಿನ ಸೀಮೆಯವರು. ಸಾರಿಗೆ ಅರೆಯುವ ಕಾಯಿಯಲ್ಲೂ ಕೊಬ್ಬಿದೆ, ಅದನ್ನೂ ಮರೆಯಬೇಡಿ. ರಾಗಿ ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬುದೂ ಅರ್ಧ ಸತ್ಯ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಗಿಂತ ತುಸು ಕಡಿಮೆ, ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಅದರ ನಾರು ಮತ್ತು ಸುಣ್ಣದ ಅಂಶದಲ್ಲಿದೆ. ಎರಡು ದೊಡ್ಡ ಮುದ್ದೆಯ ಮೇಲೆ ಅನ್ನವನ್ನೂ ಉಂಡರೆ ರಾಗಿ ಏನು ಮಾಡೀತು? ಒಂದು ಸಣ್ಣ ಮುದ್ದೆ, ಹುರುಳಿಕಾಳಿನ ಸಾರು, ಬಸಿದ ಸೊಪ್ಪಿನ ಪಲ್ಯ ಒಂದು ಬಟ್ಟಲು, ಮಜ್ಜಿಗೆ. ಡಬ್ಬಿಯಲ್ಲಿ ಬರುವುದಕ್ಕಿಂತ ಇದು ಕಡಿಮೆಯದೇನಲ್ಲ.

ಆದರೆ ಬೆಂಗಳೂರಿನ ಹುಡುಗಿಗೆ ಅಡುಗೆಮನೆ ಎಲ್ಲಿದೆ? ಈ ಪ್ರಶ್ನೆ ಕೇಳುವುದಕ್ಕೆ ನಾನು ಅವಳಿಗೇ ಫೋನು ಮಾಡಿದೆ. ಅಷ್ಟು ದಿನದ ಗಲಾಟೆಯಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳಿರುವ ಪಿ.ಜಿ.ಯಲ್ಲಿ ಬೆಳಿಗ್ಗೆ ಪೂರಿ, ರಾತ್ರಿ ಅನ್ನ, ನೀರು ಸಾರು. ಅದಕ್ಕೆ ದುಡ್ಡು ಮೊದಲೇ ಕಟ್ಟಿಯಾಗಿದೆ. ಡಬ್ಬಿ ತರಿಸಿದರೆ ಒಂದು ಹೊಟ್ಟೆಗೆ ಎರಡು ಊಟದ ದುಡ್ಡು. ಅವಳು ಹೇಳಿದಳು: ‘ಮೇಡಂ, ತೂಕ ಇಳಿಸಬೇಕು ಅಂತ ನನಗೂ ಇದೆ. ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತೆ. ಆದರೆ ಅವರಿಗೋಸ್ಕರ ಇಳಿಸಲ್ಲ. ಇವತ್ತು ಹತ್ತು ಕೆಜಿ ಅಂದೋರು, ಬಾಣಂತನ ಆದಮೇಲೆ ಏನಂತಾರೆ?’

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಟ್ಟು ಹೀಗೆ ಏರುಪೇರಾಗಿ ತೂಕ ಏರುತ್ತಿದ್ದರೆ ಅದಕ್ಕೆ ಥೈರಾಯ್ಡ್ ಕಾರಣವಿರಬಹುದು, ಅಂಡಾಶಯದ ತೊಂದರೆ ಇರಬಹುದು. ಮೊದಲು ತೋರಿಸಬೇಕಾದದ್ದು ಡಾಕ್ಟರಿಗೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಊಟ ತಗ್ಗಿಸಿದರೆ ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಬಸುರಿಯರು, ಎದೆಹಾಲು ಕೊಡುವವರು ಇಂಥ ಕಡಿತಕ್ಕೆ ಹೋಗಲೇಬಾರದು. ‘ತಿಂಗಳಿಗೆ ಹತ್ತು ಕೆಜಿ ಗ್ಯಾರಂಟಿ’ ಎನ್ನುವ ಜಾಹೀರಾತನ್ನು ಯಾರೂ ನಂಬಬೇಡಿ.

ಹಾಗೆಂದು ಡಬ್ಬಿಯೇ ಬೇಡ ಎನ್ನುವುದಿಲ್ಲ. ಅಡುಗೆಗೆ ಜಾಗವಿಲ್ಲದೆ ಮೂರು ಹೊತ್ತೂ ಹೋಟೆಲಿನಲ್ಲಿ ತಿನ್ನುವವಳು, ತನ್ನ ಸಂಬಳದಲ್ಲಿ, ತನ್ನ ಇಷ್ಟಕ್ಕೆ, ಒಂದು ತಿಂಗಳು ತರಿಸಿಕೊಳ್ಳಲಿ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರು ಇದೆಯೇ ನೋಡಲಿ. ಅನ್ನ ಎಷ್ಟು, ಕಾಳು ಎಷ್ಟು ಎಂದು ಬಟ್ಟಲಿನಲ್ಲಿ ಅಳೆದು ಬರೆದಿಟ್ಟುಕೊಳ್ಳಲಿ. ನಾನು ಮಾಡದೆ ಬಿಟ್ಟ ಕೆಲಸ ಅದು. ಆ ಬರಹ ಕೈಯಲ್ಲಿದ್ದರೆ ಎರಡನೆಯ ತಿಂಗಳಿಗೆ ಡಬ್ಬಿ ಬೇಕಾಗುವುದಿಲ್ಲ.

ಕೊನೆಯದಾಗಿ ಗಂಡಿನ ಕಡೆಯವರ ಮಾತು. ತೂಕ ಇಳಿಸಿ ಎನ್ನುವುದು ಕಾನೂನಿನ ಲೆಕ್ಕದಲ್ಲಿ ವರದಕ್ಷಿಣೆಯಲ್ಲ. ಆದರೆ ‘ಇಳಿಯದಿದ್ದರೆ ಬಂಗಾರ ಹೆಚ್ಚು ಕೊಡಿ’ ಎಂದ ಕೂಡಲೇ ಅದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಒಳಗೆ ಬಂತು. ಕೇಳುವುದೇ ಅಪರಾಧ. ಮದುವೆಯಾದ ಮೇಲೆ ‘ಡುಮ್ಮಿ’, ‘ಎಮ್ಮೆ’ ಎಂದು ದಿನವೂ ಹಂಗಿಸುವುದನ್ನು ನಾವು ತಮಾಷೆ ಎಂದು ನುಂಗಿಕೊಂಡಿದ್ದೇವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಮಾನ, ಹಂಗಿಸುವಿಕೆ, ಅಡ್ಡಹೆಸರಿಡುವುದನ್ನು ಮಾತಿನ ಮತ್ತು ಮಾನಸಿಕ ದೌರ್ಜನ್ಯ ಎಂದೇ ಕರೆದಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಇದಕ್ಕೆ ಸಂರಕ್ಷಣಾಧಿಕಾರಿ. 181ಕ್ಕೆ ಫೋನು ಮಾಡಿದರೂ ನೆರವು ಸಿಗುತ್ತದೆ.

ಆ ತಾಯಿಯನ್ನು ದೂರಬೇಡಿ. ಮಗಳಿಗೆ ಇಪ್ಪತ್ತೇಳು ದಾಟುತ್ತಿದೆ ಎಂಬ ಭಯ ಅವರನ್ನು ಸಾಲದವರೆಗೆ ತಂದಿದೆ. ಆ ಭಯ ನಮ್ಮೆಲ್ಲರದೂ ಹೌದು. ‘ಮಗಳು ಸ್ವಲ್ಪ ದಪ್ಪಗಾಗಿದ್ದಾಳಲ್ಲ’ ಎಂದು ಮದುವೆಮನೆಯಲ್ಲಿ ಮೊದಲು ಹೇಳಿದವರು ನಾವೇ ಇರಬಹುದು.

ಸಂಘ ಏನು ಮಾಡಬೇಕು ಎಂದು ನೀವು ಕೇಳಿದ್ದಿರಿ. ನನ್ನ ಸಲಹೆ ಇಷ್ಟು. ಗಂಡಿನ ಕಡೆಯವರ ಷರತ್ತು ಪೂರೈಸುವುದಕ್ಕೆ, ಅದು ಬಂಗಾರವಿರಲಿ, ಡಬ್ಬಿಯಿರಲಿ, ಸಂಘದ ಹಣ ಹೋಗಬಾರದು. ಆ ಹುಡುಗಿಯ ಡಾಕ್ಟರ ಫೀಸಿಗೆ, ರಕ್ತ ಪರೀಕ್ಷೆಗೆ ಸಾಲ ಕೊಡಿ. ಅದು ಇದರ ಹತ್ತರಲ್ಲೊಂದು ಭಾಗವೂ ಆಗಲಿಕ್ಕಿಲ್ಲ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯ ಎಣ್ಣೆಯ ಲೆಕ್ಕ ಬರೆದು ತನ್ನಿ. ಮತ್ತೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ: ಬಡಿಸುವ ಮೊದಲೇ ನಿಮ್ಮ ತಟ್ಟೆಗೆ ನಿಮ್ಮ ಪಾಲಿನ ಕಾಳು, ಸೊಪ್ಪು ತೆಗೆದಿಟ್ಟುಕೊಳ್ಳಿ. ಎಲ್ಲರ ಜೊತೆ ಕುಳಿತು ಉಣ್ಣಿ. ಮಿಕ್ಕದ್ದನ್ನು ಯಾರು ತಿನ್ನಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಲಿ.

ಆ ಹುಡುಗಿ ಮೊನ್ನೆ ತಾನಾಗಿಯೇ ಫೋನು ಮಾಡಿದ್ದಳು. ಡಾಕ್ಟರ ಬಳಿ ಹೋಗುವ ದಿನ ಗೊತ್ತು ಮಾಡಿಕೊಂಡಿದ್ದಾಳಂತೆ. ಗಂಡಿನ ಕಡೆಯವರಿಗೆ ಏನು ಹೇಳಬೇಕೆಂಬುದನ್ನು ಅಮ್ಮನ ಜೊತೆ ಕುಳಿತು ತಾನೇ ಹೇಳುತ್ತೇನೆ ಎಂದಳು. ಅವಳು ಊರಿಗೆ ಬರುವ ಆ ಭಾನುವಾರ, ಅವಳಮ್ಮನ ಪಕ್ಕದಲ್ಲಿ ನಿಮ್ಮ ಸಂಘದ ಇಬ್ಬರಾದರೂ ಹೋಗಿ ಕುಳಿತುಕೊಳ್ಳಿ. ಅದಕ್ಕೆ ಸಾಲವೂ ಬೇಕಿಲ್ಲ, ಬಡ್ಡಿಯೂ ಬೇಕಿಲ್ಲ.